ಒದೆಯುವ ಕೋವಿಯೂ ಅಂಜದ ಹೆಗಲೂ

ಗಡಿಯಲ್ಲಿ ಬಾಳುವ ನಮಗೆ ಒಂದು ಸೌಲಭ್ಯವುಂಟು. ಒಂದೇ ವಸ್ತುವನ್ನು ನಾಲ್ಕು ಹೆಸರಿನಿಂದ ಕರೆಯಬಲ್ಲೆವು. ಕೋವಿಯನ್ನೇ ತೆಗೆದುಕೊಳ್ಳೋಣ. ಕಾಸರಗೋಡು, ವಯನಾಡುಗಳಲ್ಲಿ ನೆರೆಯವರು ಅದನ್ನು ‘ತೋಕ್ಕ್’ ಎನ್ನುತ್ತಾರೆ. ತಾಳವಾಡಿ, ಹೊಸೂರುಗಳ ಕಡೆ ‘ತುಪ್ಪಾಕಿ’, ಆದೋನಿ, ರಾಯದುರ್ಗಗಳಲ್ಲಿ ‘ತುಪಾಕಿ’, ಸೊಲ್ಲಾಪುರ, ಜತ್ತಗಳಲ್ಲಿ ‘ಬಂದೂಕ’. ತುಪಾಕಿ ತುರ್ಕಿ ನುಡಿಯಿಂದ ಬಂದದ್ದು, ಬಂದೂಕು ಅರಬ್ಬಿಯಿಂದ ಬಂದದ್ದು ಎಂದು ಬಲ್ಲವರು ಹೇಳುವರು. ಹೆಸರು ಯಾವುದಾದರೇನು, ಹೆಗಲಿಗೆ ಬೀಳುವ ಒದೆ ಮಾತ್ರ ಎಲ್ಲ ಭಾಷೆಗಳಲ್ಲಿಯೂ ಒಂದೇ. ಈ ತಿಂಗಳು ನಾವು ಆ ಒದೆಯ ವಿಚಾರವನ್ನೇ ನಾಲ್ಕು ಮಾತಿನಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ.

ಕೋವಿಯೆಂದೊಡನೆ ಕೆಲವರಿಗೆ ಬೇಟೆಯ ನೆನಪಾದೀತು, ಕೆಲವರಿಗೆ ಯುದ್ಧದ ನೆನಪಾದೀತು. ನಮ್ಮ ಮಾತು ಇವೆರಡರದೂ ಅಲ್ಲ. ನೂರು ನೂರೈವತ್ತು ವರ್ಷಗಳ ಹಿಂದಿನ ಭಾರೀ ಕೋವಿಗಳನ್ನು, ಅಥವಾ ಅವುಗಳ ಮಾದರಿಯಲ್ಲಿಯೇ ಈಗ ಹೊಸದಾಗಿ ಮಾಡಿದ ಕೋವಿಗಳನ್ನು, ಗುರಿಮೈದಾನದಲ್ಲಿ ಕಾಗದದ ಗುರಿಯ ಮೇಲೆ ಹಾರಿಸುವ ಹವ್ಯಾಸವೊಂದು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಹೆಬ್ಬೆಟ್ಟಿನ ಗಾತ್ರದ ಸೀಸದ ಗುಂಡು, ಮುಷ್ಟಿ ತುಂಬುವ ತೋಟಾ, ಕಣ್ಣಿಗೆ ಕತ್ತಲೆಗವಿಯುವ ಹೊಗೆ, ಹೆಗಲಿಗೆ ಗೂಳಿ ಹಾಯ್ದಂತಹ ಹೊಡೆತ, ಇಷ್ಟನ್ನೂ ಹಣ ಕೊಟ್ಟು ಅನುಭವಿಸುವ ಈ ಜನರ ಹುಚ್ಚನ್ನು ಕಂಡು ನಗುವವರೂ ಇದ್ದಾರೆ. ಆದರೆ ಆ ಹುಚ್ಚಿನೊಳಗೆ ಮನುಷ್ಯನ ಅಂಜಿಕೆಯನ್ನು ಕುರಿತ ಒಂದು ಪಾಠವಿದೆ. ಅದು ಕೋವಿ ಹಿಡಿಯದವರಿಗೂ ಸಲ್ಲುವಂತಹುದು.

ಮೊದಲು, ಕೋವಿ ಒದೆಯುವುದೇಕೆ? ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಇದಕ್ಕೆ ಉತ್ತರವಿದೆ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ಅದಕ್ಕೆ ವಿರುದ್ಧವಾದ ಪ್ರತಿಕ್ರಿಯೆಯುಂಟು. ದೋಣಿಯಿಂದ ದಡಕ್ಕೆ ಹಾರಿದವನು ದೋಣಿಯನ್ನು ಹಿಂದಕ್ಕೆ ತಳ್ಳುವಂತೆ, ಮುಂದಕ್ಕೆ ಚಿಮ್ಮುವ ಗುಂಡು ಕೋವಿಯನ್ನು ಹಿಂದಕ್ಕೆ ನೂಕುತ್ತದೆ. ಗುಂಡೊಂದೇ ಅಲ್ಲ, ಗುಂಡಿನ ಬೆನ್ನಿಗೆ ನುಗ್ಗಿಬರುವ ಮದ್ದಿನ ಹೊಗೆಯೂ ತನ್ನ ಪಾಲಿನ ನೂಕನ್ನು ಸೇರಿಸುತ್ತದೆ. ಗುಂಡು ಭಾರವಾದಷ್ಟೂ, ಅದರ ವೇಗ ಹೆಚ್ಚಿದಷ್ಟೂ, ಮದ್ದು ಹೆಚ್ಚಾದಷ್ಟೂ ಒದೆ ಹೆಚ್ಚು. ಕೋವಿ ಭಾರವಾದಷ್ಟೂ ಒದೆ ಕಡಿಮೆ. ಒಂದೇ ತೋಟಾವನ್ನು ಅರ್ಧ ತೂಕದ ಕೋವಿಯಲ್ಲಿಟ್ಟು ಹಾರಿಸಿದರೆ ಹಿಂದೆ ಬರುವ ವೇಗವೂ ಇಮ್ಮಡಿ, ಹೆಗಲು ನುಂಗಬೇಕಾದ ಶಕ್ತಿಯೂ ಇಮ್ಮಡಿ. ಹಗುರವಾದ ಕೋವಿ ಹೊರುವವನಿಗೆ ಸುಖ, ಹಾರಿಸುವವನಿಗೆ ದುಃಖ ಎಂಬುದು ಇದರ ತಾತ್ಪರ್ಯ.

ಲೆಕ್ಕವನ್ನು ಮನೆಯ ಮಾತಿಗೆ ಇಳಿಸಿ ನೋಡೋಣ. ಶಾಲಾ ಕಾಲೇಜುಗಳಲ್ಲಿ ಎನ್.ಸಿ.ಸಿ.ಗೆ ಸೇರಿದವರು .22 ರೈಫಲನ್ನು ಹಾರಿಸಿರಬಹುದು. ಅದರ ಗುಂಡಿನ ತೂಕ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. ಅದರ ಒದೆ, ಆ ರೈಫಲನ್ನು ಮೂರು ಮಿಲಿಮೀಟರ್ ಎತ್ತರದಿಂದ ಹೆಗಲ ಮೇಲೆ ಬಿಟ್ಟಷ್ಟೇ, ಇದ್ದೂ ಇಲ್ಲದಂತೆ. ನಮ್ಮ ಪೋಲೀಸರ ಕೈಯಲ್ಲಿ ಬಹುಕಾಲವಿದ್ದ, ಉತ್ತರ ಪ್ರದೇಶದ ಪೋಲೀಸರು 2020ರ ಗಣರಾಜ್ಯ ದಿನದಂದು ಬೀಳ್ಕೊಟ್ಟ .303 ರೈಫಲಿನ ಗುಂಡು ಹನ್ನೊಂದು ಗ್ರಾಮಿಗೆ ಮೀರಿದ್ದು. ಅದರ ಒದೆ, ನಾಲ್ಕು ಕಿಲೋಗ್ರಾಮಿನ ರೈಫಲು ಸುಮಾರು ಮೊಣಕಾಲೆತ್ತರದಿಂದ ಬಿದ್ದಂತೆ. ಅದಕ್ಕೂ ಹಿಂದಿನದು ಬ್ರಿಟಿಷ್ ಸೈನ್ಯವು 1871ರಲ್ಲಿ ಅಂಗೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲು. ಅದರ ಗುಂಡು 31 ಗ್ರಾಂ, ಮದ್ದು ಐದೂವರೆ ಗ್ರಾಂ, ಗುಂಡಿನ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಲೆಕ್ಕ ಹಾಕಿದರೆ, ಅದೇ ನಾಲ್ಕು ಕಿಲೋ ಭಾರ ಎಂಬತ್ತು ಸೆಂಟಿಮೀಟರಿನಷ್ಟು ಮೇಲಿನಿಂದ ಬಿದ್ದಂತಾಗುತ್ತದೆ, ಎಂದರೆ.303ರ ಇಮ್ಮಡಿ ಪೆಟ್ಟು.

ಇದನ್ನೂ ಮೀರಿದ ದೈತ್ಯರಿದ್ದರು. ಹಳೆಯ ಕಾಲದ ಕೋವಿಗಳ ಗಾತ್ರವನ್ನು ‘ಬೋರ್’ ಎಂದು ಎಣಿಸುತ್ತಿದ್ದ ಬಗೆ ಸ್ವಾರಸ್ಯವಾದುದು. ಒಂದು ಪೌಂಡು ಸೀಸದಿಂದ, ಆ ನಳಿಗೆಗೆ ಸರಿಯಾಗಿ ಕೂಡುವ ಎಷ್ಟು ದುಂಡು ಗುಂಡುಗಳನ್ನು ಎರಕ ಹೊಯ್ಯಬಹುದೋ ಅಷ್ಟು ಬೋರು. ಹನ್ನೆರಡು ಗುಂಡಾದರೆ ಹನ್ನೆರಡು ಬೋರು. ನಾಲ್ಕೇ ಗುಂಡಾದರೆ ನಾಲ್ಕು ಬೋರು. ಆದುದರಿಂದಲೇ ಇಲ್ಲಿ ಸಂಖ್ಯೆ ಇಳಿದಂತೆ ಕೋವಿ ಹಿರಿದಾಗುತ್ತದೆ. ನಾಲ್ಕು ಬೋರಿನ ಗುಂಡಿಗೆ 113 ಗ್ರಾಂ ತೂಕ, ಅದರ ಅಡ್ಡಳತೆ ಇಪ್ಪತ್ತಾರು ಮಿಲಿಮೀಟರಿಗೂ ಮಿಗಿಲು. ನಿಂಬೆಯ ಕಾಯಿಯಷ್ಟು ಎನ್ನಬಹುದು. ಹತ್ತು ಕಿಲೋ ತೂಗುವ ಅಂತಹ ಕೋವಿಗೆ ಇಪ್ಪತ್ತೈದು ಗ್ರಾಂ ಮದ್ದು ತುಂಬಿ ಹಾರಿಸಿದರೆ, ಹತ್ತು ಕಿಲೋ ಅಕ್ಕಿಯ ಚೀಲವನ್ನು ಆಳೆತ್ತರದಿಂದ ಹೆಗಲಿಗೆ ಎತ್ತಿಹಾಕಿದಷ್ಟು ಪೆಟ್ಟು ಬೀಳುತ್ತದೆ.

ಇಂತಹ ಕೋವಿಗಳು ನಮ್ಮ ಸೀಮೆಗೆ ಅಪರಿಚಿತವಲ್ಲ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಖೆಡ್ಡಾ ಕಾರ್ಯವನ್ನು 1870ರ ದಶಕದಲ್ಲಿ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಆಸುಪಾಸಿನಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ನೆಲೆಸಿದ್ದನು. ತಾಳವಾಡಿಯ ನಮ್ಮ ವಾಚಕರಿಗೆ ಅದು ಬೇಲಿಯಾಚೆಯ ನೆಲ. 1878ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆನೆ, ಕಾಟಿಗಳೆದುರು ಬಳಸುವ ನಾಲ್ಕು ಬೋರು, ಎಂಟು ಬೋರುಗಳ ಚರ್ಚೆ ಬರುತ್ತದೆ. ಆಫ್ರಿಕದಲ್ಲಿ ನೈಲ್ ನದಿಯ ಉಪನದಿಗಳನ್ನು ಅರಸುತ್ತ ಹೋದ ಸ್ಯಾಮ್ಯುಯೆಲ್ ಬೇಕರ್ ಎಂಬವನ ಬಳಿ ಅರ್ಧ ಪೌಂಡು ತೂಕದ ಸಿಡಿಗುಂಡನ್ನು ಹಾರಿಸುವ ಕೋವಿಯೊಂದಿತ್ತು. ಅವನು ಅದಕ್ಕೆ ‘ಕೂಸು’ ಎಂದು ಹೆಸರಿಟ್ಟಿದ್ದನು. ಅವನ ಅರಬ್ಬಿ ಸಂಗಡಿಗರು ಅದನ್ನು ‘ಫಿರಂಗಿಯ ಮಗು’ ಎಂದು ಕರೆದರು. ಈ ಕೂಸು ಅತ್ತಾಗಲೆಲ್ಲ ಎತ್ತಿಕೊಂಡವನೇ ಬುಗುರಿಯಂತೆ ಸುತ್ತುತ್ತಿದ್ದನಂತೆ. ಬೇಕರ್ ಬಲಿಷ್ಠನಾದ ಆಜಾನುಬಾಹು. ಆದರೂ ಅದನ್ನು ಹಾರಿಸಲು ತಾನೇ ಹಿಂಜರಿಯುತ್ತಿದ್ದುದನ್ನು ಅವನು ಮುಚ್ಚಿಡಲಿಲ್ಲ.

ಇವರೆಲ್ಲರಿಗಿಂತ ನಮ್ಮ ಮನಸ್ಸನ್ನು ಹೆಚ್ಚು ತಟ್ಟುವುದು ಫ್ರೆಡರಿಕ್ ಸೆಲೂಸನ ಕಥೆ. 1871ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗನಾಗಿ, ಅವನು ದಕ್ಷಿಣ ಆಫ್ರಿಕದಲ್ಲಿ ಬಂದಿಳಿದನು. ಕೈಯಲ್ಲಿ ಹಣವಿಲ್ಲದ್ದರಿಂದ ಅಗ್ಗವಾದ ನಾಲ್ಕು ಬೋರಿನ ಕೇಪಿನ ಕೋವಿಗಳನ್ನು ಕೊಂಡನು. ಅವು ಆರು ಕಿಲೋಗಿಂತಲೂ ಕಡಿಮೆ ತೂಕದವು. ಚರ್ಮದ ಚೀಲದಿಂದ ಮದ್ದನ್ನು ಕೈತುಂಬ ತೆಗೆದು ನಳಿಗೆಗೆ ಸುರಿಯುವುದೇ ಅವನ ಅಳತೆ. ಒಮ್ಮೆ ಅವನ ಕೋವಿ ಹತ್ತದೆ ಹೋಯಿತು. ಸಂಗಡಿಗನು ತಿಳಿಯದೆ ಅದರ ಮೇಲೆಯೇ ಇನ್ನೊಂದು ಈಡನ್ನು ತುಂಬಿದನು. ಸೆಲೂಸ್ ಕುದುರೆ ಎಳೆದನು. ಇಮ್ಮಡಿ ಮದ್ದು ಒಮ್ಮೆಗೇ ಹೊತ್ತಿ, ಅವನನ್ನು ನೆಲದಿಂದ ಎತ್ತಿ, ತಿರುಗಿಸಿ, ಮುಖ ಅಡಿಯಾಗಿ ಮರಳಿಗೆ ಎಸೆಯಿತು. ಕೋವಿ ಅವನ ಹೆಗಲ ಮೇಲಿನಿಂದ ಹಾರಿ ಹಿಂದೆ ಎಲ್ಲಿಯೋ ಬಿತ್ತು. ಅವನು ಬದುಕಿದುದೇ ಹೆಚ್ಚು.

ಗಾಯವೇನೋ ಮಾಯಿತು. ಮಾಯದೆ ಉಳಿದುದು ಬೇರೊಂದು. ಆ ಕೋವಿಗಳ ಒದೆ ತನ್ನ ನರಗಳನ್ನು ಕೆಡಿಸಿತೆಂದೂ, ಅಲ್ಲಿಂದ ಮುಂದೆ ತನ್ನ ಗುರಿಗಾರಿಕೆಯೇ ಕುಂದಿತೆಂದೂ, ಅವುಗಳ ಸಹವಾಸವೇ ತನಗೆ ಬೇಡವಾಗಿತ್ತೆಂದೂ ಅವನು 1881ರ ತನ್ನ ಪುಸ್ತಕದಲ್ಲಿ ಬರೆದನು. ಜಗತ್ತೇ ವೀರನೆಂದು ಕೊಂಡಾಡಿದ ಬೇಟೆಗಾರನೊಬ್ಬನು ‘ನನ್ನ ಕೈ ನಡುಗುವುದಕ್ಕೆ ಇದು ಕಾರಣ’ ಎಂದು ಒಪ್ಪಿಕೊಳ್ಳುವುದು ಸಾಮಾನ್ಯ ಸಂಗತಿಯಲ್ಲ. ಆನೆಯ ಮುಂದೆ ನಿಂತವನನ್ನು ಆನೆ ಅಂಜಿಸಲಿಲ್ಲ, ಅವನ ಕೋವಿಯೇ ಅಂಜಿಸಿತು.

ಸೈನಿಕರ ಪಾಡೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಬೇಟೆಗಾರನು ದಿನಕ್ಕೆ ಎರಡೋ ಮೂರೋ ಈಡು ಹಾರಿಸಿಯಾನು. ಸೈನಿಕನು ಮಾರ್ಟಿನಿ-ಹೆನ್ರಿಯನ್ನು ಹೆಗಲಿಗಿಟ್ಟು ಗಂಟೆಗಟ್ಟಲೆ ಹಾರಿಸಬೇಕು. ಅದರಲ್ಲಿ ಬಳಸುತ್ತಿದ್ದುದು ಹಳೆಯ ಕರಿಮದ್ದು; ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದುದು ಇದ್ದಿಲು ಮತ್ತು ಗಂಧಕ. ಈ ಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯಾಗಿ ಹೋಗದೆ ಮಸಿಯಾಗಿ ಉಳಿಯುತ್ತದೆ. ಮಸಿ ಕಟ್ಟಿದಂತೆಲ್ಲ ನಳಿಗೆ ಇಕ್ಕಟ್ಟಾಗಿ ಒದೆ ಹೆಚ್ಚುತ್ತದೆ ಎಂಬುದು ಅಂದಿನ ಸೈನಿಕರ ದೂರು. ನಳಿಗೆ ಕಾದು ಮುಟ್ಟಲಾರದಂತಾದಾಗ ಅವರು ಅದಕ್ಕೆ ದನದ ತೊಗಲನ್ನು ಹೊಲಿದುಕೊಳ್ಳುತ್ತಿದ್ದರು. 1879ರ ಜುಲು ಯುದ್ಧದಲ್ಲಿ ಹೆಗಲುಗಳು ಕಂದುಗಟ್ಟಿ ಬಾತುಹೋದುದು ಇತಿಹಾಸದಲ್ಲಿ ದಾಖಲಾಗಿದೆ. ಕುದುರೆ ಸವಾರರ ಗಿಡ್ಡ ಕೋವಿಗೆಂದೇ, ಒದೆಯನ್ನು ತಗ್ಗಿಸುವ ಸಲುವಾಗಿ, ಕಡಿಮೆ ಮದ್ದಿನ ಹಗುರ ಗುಂಡಿನ ಬೇರೆ ತೋಟಾವನ್ನೇ ಮಾಡಬೇಕಾಯಿತು.

ನಮ್ಮ ದೇಶದವರ ಹೆಗಲೂ ಈ ಒದೆಯನ್ನು ಉಂಡಿದೆ. 1857ರ ಬಳಿಕ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ತಮ್ಮ ಗೋರಾ ಸೈನಿಕರದಕ್ಕಿಂತ ಒಂದು ತಲೆಮಾರು ಹಳೆಯದಾದ ಆಯುಧವನ್ನೇ ಕೊಡುವ ನೀತಿಯನ್ನು ಅನುಸರಿಸಿದರು. ಗೋರಾಗಳು ಹೊಗೆಯಿಲ್ಲದ ಮದ್ದಿನ .303ಕ್ಕೆ ಬದಲಾದ ಮೇಲೆಯೂ ಸಿಪಾಯಿಯ ಕೈಯಲ್ಲಿ ಮಾರ್ಟಿನಿ-ಹೆನ್ರಿಯೇ ಉಳಿಯಿತು. 1897ರ ಸೆಪ್ಟೆಂಬರ್ 12ರಂದು ಸಾರಾಗಢಿಯಲ್ಲಿ 36ನೆಯ ಸಿಖ್ ಪಡೆಯ ಇಪ್ಪತ್ತೊಂದು ಮಂದಿ ಕಡೆಯ ಉಸಿರಿನವರೆಗೆ ಕಾದಿದುದು ಈ ರೈಫಲನ್ನು ಹಿಡಿದೇ. ಅವರ ಶೌರ್ಯವನ್ನು ಸ್ಮರಿಸುವಾಗ, ಆ ದಿನವಿಡೀ ಅವರ ಹೆಗಲುಗಳು ಏನನ್ನು ತಡೆದುಕೊಂಡವು ಎಂಬುದನ್ನೂ ನಾವು ಒಮ್ಮೆ ನೆನೆಯಬೇಕು.

ಇನ್ನು ಗುರಿಮೈದಾನದ ಕಡೆಗೆ ಬರೋಣ. ಇಂಗ್ಲೆಂಡಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟ 1860ರ ಜುಲೈಯಲ್ಲಿ ಲಂಡನ್ನಿನ ಬಳಿಯ ವಿಂಬಲ್ಡನ್ ಬಯಲಿನಲ್ಲಿ ನಡೆಯಿತು. ಮೊದಲ ಗುಂಡನ್ನು ಹಾರಿಸಿದವಳು ವಿಕ್ಟೋರಿಯಾ ರಾಣಿ. ವಿಟ್‌ವರ್ತ್ ರೈಫಲೊಂದನ್ನು ಕಬ್ಬಿಣದ ಆಸರೆಯ ಮೇಲೆ ಬಿಗಿಯಾಗಿ ಕೂರಿಸಿ, ಮುಂಚೆಯೇ ಗುರಿ ಹೊಂದಿಸಿ, ಅದರ ಕುದುರೆಗೆ ರೇಷ್ಮೆಯ ದಾರ ಕಟ್ಟಿದ್ದರು. ರಾಣಿ ದಾರವನ್ನು ಮೆಲ್ಲನೆ ಎಳೆದಳು. 400 ಗಜ ದೂರದ ಹಲಗೆಯ ನಡುಬಿಂದುವಿನ ಮಗ್ಗುಲಿಗೇ ಗುಂಡು ಹೋಗಿ ತಗುಲಿತು. ಜನರು ಜಯಕಾರ ಮಾಡಿದರು. ನಾವಾದರೋ ಆ ಘಟನೆಯಲ್ಲಿ ಒಂದು ಸತ್ಯವನ್ನು ಕಾಣುತ್ತೇವೆ. ಕಬ್ಬಿಣದ ಆಸರೆಗೆ ಹೆಗಲಿಲ್ಲ. ಹೆಗಲಿಲ್ಲದ್ದಕ್ಕೆ ಅಂಜಿಕೆಯೂ ಇಲ್ಲ. ಕೋವಿ ತನ್ನಷ್ಟಕ್ಕೆ ಬಹುಮಟ್ಟಿಗೆ ನೆಟ್ಟಗೆ ಹೊಡೆಯುತ್ತದೆ. ತಪ್ಪುವುದೆಲ್ಲ ಕೋವಿಗೂ ಮನುಷ್ಯನಿಗೂ ಸಂಧಿಸುವ ಜಾಗದಲ್ಲಿ.

ಆ ಸಂಘದ ಕೂಟ 1890ರಲ್ಲಿ ಬಿಸ್ಲಿ ಎಂಬ ಊರಿಗೆ ಸ್ಥಳಾಂತರವಾಯಿತು. ಹಳೆಯ ಸೈನಿಕ ರೈಫಲುಗಳ ಪಂದ್ಯಗಳು ಇಂದಿಗೂ ಅಲ್ಲಿ ನಡೆಯುತ್ತವೆ. ಅಮೆರಿಕದಲ್ಲಿ ಇಂತಹ ಕೋವಿಗಾರಿಕೆಗೆ ಕಳೆ ತಂದುದು ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್ ಮೈದಾನ. 1874ರ ಸೆಪ್ಟೆಂಬರ್ 26ರಂದು ಅಲ್ಲಿ ಐರಿಷರಿಗೂ ಅಮೆರಿಕನರಿಗೂ 800, 900, 1000 ಗಜಗಳ ಪಂದ್ಯ ನಡೆಯಿತು. ಐರಿಷರದು ಬಾಯಿಯಿಂದ ಮದ್ದು ತುಂಬುವ ಕೋವಿಗಳು. ಅಮೆರಿಕನರದು ಹಿಂಬದಿಯಿಂದ ತೋಟಾ ಇಡುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲುಗಳು. ಅಮೆರಿಕನರು 934ಕ್ಕೆ 931ರಂತೆ ಮೂರೇ ಅಂಕಗಳಿಂದ ಗೆದ್ದರು. ಐರಿಷರ ಒಬ್ಬ ನುರಿತ ಗುರಿಗಾರನ ಗುಂಡು ನಡುಬಿಂದುವಿಗೇ ಬಿದ್ದಿತ್ತು, ಆದರೆ ಪಕ್ಕದ ಹಲಗೆಯ ನಡುಬಿಂದುವಿಗೆ! ಗುರಿ ತಪ್ಪಲಿಲ್ಲ, ಗುರಿಹಲಗೆ ತಪ್ಪಿತು. ಅಷ್ಟರಲ್ಲಿಯೇ ಪಂದ್ಯ ಕೈಬಿಟ್ಟಿತು. ಕಾಡೆಮ್ಮೆಯ ಬೇಟೆಗಾರರು ಬಳಸುತ್ತಿದ್ದ ಆ ಬಗೆಯ ರೈಫಲುಗಳ ಹಬ್ಬವು ಈಗಲೂ ಮೊಂಟಾನಾದ ಫೋರ್ಸಿತ್ ಎಂಬ ಸಣ್ಣ ಊರಿನ ಹೊರಗೆ ಪ್ರತಿ ಬೇಸಿಗೆಯಲ್ಲಿ ಜರಗುತ್ತದೆ. ಅಲ್ಲಿ ಹೊಡೆಯುವುದು ಕಬ್ಬಿಣದ ಹಲಗೆಗಳನ್ನು. ಗುಂಡು ತಗುಲಿದ ಠಣತ್ಕಾರ ದೂರದಿಂದ ಮರಳಿ ಬರುವಷ್ಟರಲ್ಲಿ ಹೊಗೆ ಅರ್ಧ ಚದುರಿರುತ್ತದೆ.

ಇಂತಹ ಕೋವಿಯ ಮುಂದೆ ಹೊಸಬನು ಮಾಡುವ ತಪ್ಪು ಒಂದೇ. ಕುದುರೆ ಎಳೆಯುವ ಕ್ಷಣದಲ್ಲಿ ಅವನ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನುಗ್ಗುತ್ತದೆ, ಬೆರಳು ಸೆಳೆದುಬಿಡುತ್ತದೆ. ಗುಂಡು ನೆಲಕ್ಕೋ ಆಕಾಶಕ್ಕೋ ಹೋಗುತ್ತದೆ. ‘ಒದೆತದಿಂದ ಗುರಿ ತಪ್ಪಿತು’ ಎಂದು ಅವನು ಹೇಳುತ್ತಾನೆ. ಈ ಮಾತು ನಿಜವೇ ಎಂದು ಪರೀಕ್ಷಿಸೋಣ. ಮಾರ್ಟಿನಿ-ಹೆನ್ರಿಯ ಗುಂಡು ನಳಿಗೆಯಿಂದ ಹೊರಬೀಳಲು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಭಾಗ ಸಾಕು. ಅಷ್ಟರಲ್ಲಿ ಕೋವಿ ಹಿಂದಕ್ಕೆ ಬಂದಿರುವುದು ಒಂದು ಸೆಂಟಿಮೀಟರಿಗೂ ಕಡಿಮೆ. ಮನುಷ್ಯನ ದೇಹ ಯಾವ ಪೆಟ್ಟಿಗಾದರೂ ಮಿಡುಕಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ. ಎಂದಮೇಲೆ, ಒದೆ ಹೆಗಲಿಗೆ ತಿಳಿಯುವ ಹೊತ್ತಿಗೆ ಗುಂಡು ನಳಿಗೆಯನ್ನು ಬಿಟ್ಟು ಎಷ್ಟೋ ಗಜ ಹೋಗಿರುತ್ತದೆ. ಈ ಗುಂಡಿನ ಗುರಿಯನ್ನು ತಪ್ಪಿಸಿದುದು ಈ ಗುಂಡಿನ ಒದೆಯಲ್ಲ. ಹಿಂದಿನ ಒದೆಯ ನೆನಪು, ಮುಂದಿನ ಒದೆಯ ನಿರೀಕ್ಷೆ. ಸೆಲೂಸನನ್ನು ಜೀವಮಾನವೆಲ್ಲ ಕಾಡಿದುದೂ ಇದೇ.

ಅಂಜಿಕೆಯನ್ನು ಕಂಡುಹಿಡಿಯಲು ಗುರಿಗಾರಿಕೆಯ ಗುರುಗಳು ಒಂದು ಉಪಾಯ ಮಾಡುತ್ತಾರೆ. ಮದ್ದಿಲ್ಲದ ಪೊಳ್ಳು ತೋಟಾವನ್ನು ಶಿಷ್ಯನಿಗೆ ತಿಳಿಯದಂತೆ ನಡುನಡುವೆ ಇಡುತ್ತಾರೆ. ಅವನು ಕುದುರೆ ಎಳೆಯುತ್ತಾನೆ. ‘ಟಿಕ್’ ಎಂಬ ಸದ್ದೊಂದೇ. ಆದರೆ ಕೋವಿಯ ಮೂತಿ ಮಾತ್ರ ಗಾಳಿಗೆ ಸಿಕ್ಕ ತೆನೆಯಂತೆ ತೊನೆದಿರುತ್ತದೆ. ಒದೆಯೇ ಇಲ್ಲದ ಕಡೆ ಒದೆಗೆ ಅಂಜಿದುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅನೇಕರು ಆಗ ತಾವೇ ನಗುತ್ತಾರೆ, ಅಲ್ಲಿಂದ ಕಲಿಕೆ ಮೊದಲಾಗುತ್ತದೆ. ಪೊಳ್ಳು ಯಾವುದು ಗಟ್ಟಿ ಯಾವುದು ಎಂದು ತಿಳಿಯದೆ, ಎರಡನ್ನೂ ಒಂದೇ ಸಮಾಧಾನದಿಂದ ಎಳೆಯುವುದನ್ನು ಕಲಿತವನೇ ಗುರಿಗಾರ.

ಉಳಿದುದೆಲ್ಲ ಅಭ್ಯಾಸದ ಮಾತು. ಕೋವಿಯ ಬುಡವನ್ನು ಹೆಗಲಿನ ಮೂಳೆಗಲ್ಲ, ಮೂಳೆಗೂ ಎದೆಗೂ ನಡುವಣ ಮಾಂಸದ ಕುಳಿಗೆ ಒತ್ತಿ ಹಿಡಿಯಬೇಕು. ಸಡಿಲವಾಗಿ ಹಿಡಿದರೆ ಕೋವಿ ಓಡಿಬಂದು ಗುದ್ದುತ್ತದೆ, ಬಿಗಿಯಾಗಿ ಹಿಡಿದರೆ ತಳ್ಳುತ್ತದೆ. ಭಾರೀ ಕೋವಿಯನ್ನು ನಿಂತು ಹಾರಿಸುವುದು ಮೇಲು. ದೇಹ ಬಿದಿರಿನಂತೆ ಹಿಂದಕ್ಕೆ ಬಾಗಿ ಒದೆಯನ್ನು ನುಂಗುತ್ತದೆ. ಮೇಜಿಗೊರಗಿ ಕುಳಿತವನಿಗೂ ನೆಲದ ಮೇಲೆ ಮಲಗಿದವನಿಗೂ ಬಾಗಲು ಎಡೆಯಿಲ್ಲದ್ದರಿಂದ ಪೆಟ್ಟೆಲ್ಲ ಒಂದೆಡೆಯೇ ಬೀಳುತ್ತದೆ. ಹಾಗೆ ಹಾರಿಸಲೇಬೇಕಾದಾಗ ಹೆಗಲಿಗೂ ಕೋವಿಗೂ ನಡುವೆ ಮರಳಿನ ಸಣ್ಣ ಚೀಲವನ್ನಿಡುವುದುಂಟು. ಹೆಬ್ಬೆರಳು ಮೂಗಿಗೆ ಬಡಿಯದಂತೆ ಅದನ್ನು ಪಕ್ಕಕ್ಕಿಡಬೇಕು. ಕಡಿಮೆ ಮದ್ದಿನಿಂದ ಮೊದಲಿಟ್ಟು ಮೆಲ್ಲಮೆಲ್ಲನೆ ಏರಬೇಕು. ಹತ್ತು ಈಡು ಸಾಕೆನಿಸಿದ ದಿನ ಹನ್ನೊಂದನೆಯದನ್ನು ಹಾರಿಸಬಾರದು. ‘ಮದ್ದು’ ಎಂಬ ಒಂದೇ ಮಾತನ್ನು ನಮ್ಮ ಹಿರಿಯರು ಔಷಧಕ್ಕೂ ಸಿಡಿಪುಡಿಗೂ ಬಳಸಿದರು. ಎರಡಕ್ಕೂ ಮಿತಿಯೇ ಪ್ರಾಣ.

ಇಷ್ಟು ಹೇಳಿದ ಮೇಲೆ, ಇದು ಕಟ್ಟುಮಸ್ತಾದ ಗಂಡಸರ ಆಟವೆಂದು ಯಾರಾದರೂ ತಿಳಿದಾರು. ಬಿಸ್ಲಿಯ ಅತ್ಯುನ್ನತ ಪಂದ್ಯವೆನಿಸಿದ ‘ರಾಜನ ಬಹುಮಾನ’ವನ್ನು 1930ರಲ್ಲಿ ಗೆದ್ದವರು ಮಾರ್ಜರಿ ಫಾಸ್ಟರ್ ಎಂಬ ಮಹಿಳೆ. ಅವರು ಕೋಳಿ ಸಾಕಿ ಜೀವಿಸುತ್ತಿದ್ದವರು. ಸೈನ್ಯದ ಅಧಿಕಾರಿಯೊಬ್ಬರನ್ನು ಒಂದೇ ಅಂಕದಿಂದ ಹಿಂದಿಕ್ಕಿ, .303 ರೈಫಲಿನಿಂದ ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆಯೆನಿಸಿದರು. ಒದೆಯನ್ನು ಗೆಲ್ಲುವುದು ತೋಳಿನ ಬಲದಿಂದಲ್ಲ, ನಿಲುವಿನಿಂದ ಮತ್ತು ಚಿತ್ತದಿಂದ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಮ್ಮ ಮನೆಗಳ ಕಡೆಗೆ ತಿರುಗೋಣ. ಹೊಸದಾಗಿ ಕೋವಿ ಹಿಡಿದ ಹುಡುಗನಿಗೆ ಏನೂ ಹೇಳದೆ ಭಾರೀ ಈಡಿನ ಕೋವಿಯನ್ನು ಕೊಟ್ಟು, ಅವನು ಹಿಂದಕ್ಕೆ ಬಿದ್ದಾಗ ಕೈತಟ್ಟಿ ನಗುವ ವಿನೋದವೊಂದು ಎಲ್ಲ ದೇಶಗಳಲ್ಲಿಯೂ ಇದೆ. ಅದನ್ನು ಗಂಡಸುತನದ ದೀಕ್ಷೆಯೆಂದು ಬಗೆಯುವ ಹಿರಿಯರೂ ಇದ್ದಾರೆ. ನಾವು ಇದನ್ನು ಒಪ್ಪಲಾರೆವು. ಆ ನಗೆ ಒಂದು ಗಳಿಗೆಯದು. ಆ ಹುಡುಗನ ನರಗಳಲ್ಲಿ ಉಳಿಯುವ ನಡುಕ ಸೆಲೂಸನಿಗಾದಂತೆ ಜೀವಮಾನದ್ದಾಗಬಹುದು. ಈಜು ಕಲಿಸಲು ಬಾವಿಗೆ ನೂಕುವುದೂ, ಲೆಕ್ಕ ಕಲಿಸಲು ಬೆತ್ತ ಹಿಡಿಯುವುದೂ ಇದೇ ಜಾತಿಯವು. ಅಂಜಿಕೆಯನ್ನು ಮೊದಲೇ ಹೊಡೆದು ಕೂರಿಸಿದ ಕಡೆ ವಿದ್ಯೆ ಕೂರುವುದಿಲ್ಲ.

ಹೆಗಲಿಗಿಂತ ಹೆಚ್ಚು ಕೆಡುವುದು ಕಿವಿ. ಹೆಗಲಿನ ಕಂದು ವಾರದಲ್ಲಿ ಮಾಯುತ್ತದೆ. ಭಾರೀ ರೈಫಲಿನ ಸದ್ದು ಕಿವಿಗೆ ಸುರಕ್ಷಿತವೆಂದು ವೈದ್ಯರು ಹೇಳುವ 140 ಡೆಸಿಬೆಲಿನ ಮೇರೆಯನ್ನು ದಾಟಿರುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲುಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಬಲಹೆಗಲಿನಿಂದ ಹಾರಿಸುವವನ ಎಡಗಿವಿ ಕೋವಿಯ ಮೂತಿಗೆ ಹತ್ತಿರವಿರುವುದರಿಂದ ಅದೇ ಮೊದಲು ಮಂದವಾಗುತ್ತದೆ. ಮೊದಲು ಹೋಗುವುದು ತೆಳುವಾದ ಎತ್ತರದ ಸದ್ದುಗಳು. ಸಕಾರ ಶಕಾರಗಳು ಮಸುಕಾಗುತ್ತವೆ, ಮೊಮ್ಮಕ್ಕಳ ಮಾತು ಕೇಳಿಯೂ ಅರ್ಥವಾಗುವುದಿಲ್ಲ. ‘ಅಜ್ಜನಿಗೆ ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಗುರಿಮೈದಾನದಲ್ಲಿ ಕಿವಿಗೆ ಬಿರಡೆಯನ್ನೂ ಮೇಲೆ ಮುಚ್ಚಳವನ್ನೂ, ಕಣ್ಣಿಗೆ ಗಟ್ಟಿ ಕನ್ನಡಕವನ್ನೂ ಧರಿಸುವುದು ಹೇಡಿತನವಲ್ಲ. ಇದನ್ನು ಹಬ್ಬದ ಗರ್ನಾಲಿನ ಮುಂದೆ ನಿಲ್ಲುವ ಮಕ್ಕಳಿಗೂ ಹೇಳಿಕೊಡುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಕೆಲವು ಹಳೆಯ ಮನೆಗಳ ಅಟ್ಟದಲ್ಲಿಯೋ ಪಡಸಾಲೆಯ ಗೋಡೆಯಲ್ಲಿಯೋ ತಾತನ ಕಾಲದ ಕೇಪಿನ ಕೋವಿ ಇದ್ದೀತು. ಅದನ್ನು ಹಾರಿಸಿ ನೋಡುವ ಚಪಲ ಯಾರಿಗೂ ಬರಬಾರದು. ಆ ನಳಿಗೆಗಳು ಕರಿಮದ್ದಿನ ಸೌಮ್ಯವಾದ ಒತ್ತಡಕ್ಕೆಂದು ಮಾಡಿದವು. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಡೆಯಲಾರದೆ ಸಿಡಿದುಹೋಗುತ್ತವೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹುರಿ ಹೊಸೆದಂತೆ ಹೊಸೆದು ಬೆಸೆದ ಹಳೆಯ ನಳಿಗೆಗಳಲ್ಲಿ ತುಕ್ಕು ಒಳಗೊಳಗೇ ತಿಂದಿರುತ್ತದೆ. ಹೊರಗೆ ಎಣ್ಣೆ ಹಚ್ಚಿ ಹೊಳೆಯಿಸಿದರೆ ಒಳಗಿನ ಕುಳಿ ಮುಚ್ಚುವುದಿಲ್ಲ. ಮೇಲಾಗಿ, ಬಾಯಿಂದ ತುಂಬುವ ಕೋವಿಯಲ್ಲಿ ಹಿಂದಿನವರು ತುಂಬಿಟ್ಟ ಈಡು ಹಾಗೆಯೇ ಉಳಿದಿರುವುದೂ ಉಂಟು. ಅನುಮತಿ ಪಡೆದ ಕೋವಿ ಕೆಲಸದವರಿಂದ ಪರೀಕ್ಷೆ ಮಾಡಿಸುವವರೆಗೆ ಅದನ್ನು ತುಂಬಿದ ಕೋವಿಯೆಂದೇ ತಿಳಿಯುವುದು ಜಾಣತನ.

ಕಾನೂನಿನ ಮಾತನ್ನೂ ಮರೆಯಲಾಗದು. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆ ನಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ, ಒಬ್ಬನ ಬಳಿ ಇರಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. .303ರಂತಹ ಸೈನಿಕ ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹಿರಿಯರು ತೀರಿಕೊಂಡಾಗ ಅವರ ಪರವಾನಗಿ ತಾನಾಗಿ ಮಕ್ಕಳಿಗೆ ಬರುವುದಿಲ್ಲ. ಕೋವಿಯನ್ನು ಸರಕಾರಕ್ಕೆ ತಿಳಿಸಿ ಒಪ್ಪಿಸಬೇಕು ಅಥವಾ ಹೊಸ ಪರವಾನಗಿಗೆ ಅರ್ಜಿ ಹಾಕಬೇಕು. ವಯನಾಡಿಗೂ ಕಾಸರಗೋಡಿಗೂ ನೆರೆಯಾದ ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿಯಿದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು ಅವರು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ ಹೆಂಗಸರೂ ಗಂಡಸರಿಗೆ ಸರಿಸಮನಾಗಿ ನಿಲ್ಲುತ್ತಾರೆ. ಆಯುಧವನ್ನು ಪೂಜಿಸುವ ಜನ ಅದರ ಮರ್ಯಾದೆಯನ್ನೂ ಬಲ್ಲವರು. ಊರಿಗೆ ಬಂದ ನಂಟನ ಕೈಗೆ ಅವರು ಸುಮ್ಮನೆ ಕೋವಿಯನ್ನು ಕೊಡುವುದಿಲ್ಲ.

ಆನೆ ಕಾಟಿಗಳಿಗಾಗಿ ಹುಟ್ಟಿದ ಭಾರೀ ಕೋವಿಗಳ ಕಾಲ ಮುಗಿಯಿತು. ನೀಲಗಿರಿಯಲ್ಲಿ 1879ರಲ್ಲಿಯೇ ಬೇಟೆಗೆ ಕಟ್ಟುಪಾಡಿನ ಕಾನೂನು ಬಂದಿತ್ತು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದೇಶದಲ್ಲಿ ಬೇಟೆಗಾರಿಕೆಯ ಬಾಗಿಲನ್ನೇ ಮುಚ್ಚಿತು. ಸ್ಯಾಂಡರ್ಸನ್ ಓಡಾಡಿದ ಬಿಳಿಗಿರಿಯೂ ತಾಳವಾಡಿಯ ಕಾಡುಗಳೂ ಈಗ ಹುಲಿಗಳ ರಕ್ಷಿತ ತಾಣಗಳು. ಇದು ಆಗಬೇಕಾದುದೇ ಆಗಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆ ಕೋವಿಗಳಿಗೆ ಇನ್ನು ಉಳಿದಿರುವ ಗುರಿ ಕಾಗದದ್ದು. ಅವು ಕೆಡಹಬಹುದಾದ ಮೃಗ ಒಂದೇ, ಹಾರಿಸುವವನ ಎದೆಯೊಳಗಿನ ಅಳುಕು.

ಆ ಅಳುಕು ನಮಗೆಲ್ಲ ಗೊತ್ತಿರುವುದೇ. ಪರೀಕ್ಷೆಯ ಕೊಠಡಿಗೆ ಕಾಲಿಡುವ ಮೊದಲೇ ಮರೆತುಹೋಗುವ ವಿದ್ಯಾರ್ಥಿ, ಅನ್ಯಭಾಷೆಯ ಕಚೇರಿಯ ಮೆಟ್ಟಿಲಲ್ಲಿಯೇ ನಾಲಿಗೆ ಒಣಗುವ ನಮ್ಮ ಹಳ್ಳಿಗ, ಇವರೆಲ್ಲ ಪೊಳ್ಳು ತೋಟಾಕ್ಕೆ ಬೆಚ್ಚಿದವರೇ. ಬೀಳುವ ಪೆಟ್ಟು ಬಿದ್ದೇ ಬೀಳುತ್ತದೆ. ಆದರೆ ಅದು ಬೀಳುವ ಹೊತ್ತಿಗೆ ನಮ್ಮ ಗುಂಡು ಹೊರಟುಹೋಗಿರುತ್ತದೆ. ಅಲ್ಲಿಯವರೆಗೆ ಕಣ್ಣು ತೆರೆದಿರಲಿ, ಬೆರಳು ಮೆತ್ತಗಿರಲಿ.